ಬಾಗಿಲು ಸ್ವಲ್ಪ ತೆರೆದಿಡು

ಮನೆ ಬದಲಿಸುವಾಗ ಸಿಕ್ಕಿದ ಪೆಟ್ಟಿಗೆಯಲ್ಲಿ ಆ ಪುಸ್ತಕ ಇತ್ತು. ಬೂಷ್ಟು ಹಿಡಿದಿತ್ತು. ಕೊಡಗಿನಲ್ಲಿ ನಾಲ್ಕಾರು ಮಳೆಗಾಲ ಕಳೆದ ಪುಸ್ತಕ ಅಂದಮೇಲೆ ಅದೇನೂ ಹೊಸದಲ್ಲ. ರಟ್ಟಿನ ಮೇಲೆ ಬೂದಿ ಬಣ್ಣದ ಚುಕ್ಕಿ, ಹಾಳೆಯ ಅಂಚೆಲ್ಲ ಹಳದಿ, ಮೂಗಿನ ಹತ್ತಿರ ತಂದರೆ ಒದ್ದೆ ಗೋಣಿಚೀಲದ ವಾಸನೆ. ಬೆಂಗಳೂರಿನ ಬಿಸಿಲಿಗೆ ಟೆರೇಸಿನ ಮೇಲೆ ಬಿಚ್ಚಿಟ್ಟೆ. ಹಾಳೆ ಹಾರದಿರಲಿ ಅಂತ ಪಕ್ಕದಲ್ಲೇ ಕೂತೆ. ಕೂತ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ, ಓದತೊಡಗಿದೆ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಆಯಿತು.

ಪುಸ್ತಕದ ಹೆಸರು ‘ಪಟ್ಟೋಲೆ ಪಳಮೆ’. ಮೊದಲು ಅಚ್ಚಾದದ್ದು 1924ರಲ್ಲಿ. ನನ್ನ ಹತ್ತಿರ ಇರುವುದು ಎಷ್ಟೋ ವರ್ಷ ಆದಮೇಲೆ ಬಂದ ಮರುಮುದ್ರಣ. ಕೊಡವರ ಹಾಡುಗಳನ್ನು, ಅವುಗಳ ಜೊತೆಗೆ ಮದುವೆ, ಸಾವು, ಹಬ್ಬದ ಪದ್ಧತಿಗಳನ್ನು, ಗಾದೆ ಒಗಟುಗಳನ್ನು ಒಟ್ಟು ಮಾಡಿದವರು ನಡಿಕೇರಿಯಂಡ ಚಿಣ್ಣಪ್ಪ. ಪುಸ್ತಕದ ಮೂರರಲ್ಲಿ ಎರಡು ಪಾಲು ಹಾಡೇ. ಅವುಗಳನ್ನು ಕಟ್ಟಿದವರು ಯಾರೋ ಯಾರಿಗೂ ಗೊತ್ತಿಲ್ಲ.

ಹಳಗನ್ನಡದ ರುಚಿ ಸ್ವಲ್ಪ ಇದ್ದವರಿಗೆ ಈ ಹೆಸರು ತಾನಾಗಿಯೇ ಅರ್ಧ ಬಿಡಿಸಿಕೊಳ್ಳುತ್ತದೆ. ನಾವು ಪಾಲನ್ನು ಹಾಲು ಮಾಡಿಕೊಂಡೆವು, ಪುಲಿಯನ್ನು ಹುಲಿ ಮಾಡಿಕೊಂಡೆವು. ಕೊಡವ ತಕ್ಕ್, ಅಂದರೆ ಕೊಡವರ ಮಾತು, ಆ ಪಕಾರವನ್ನು ಬಿಟ್ಟುಕೊಡಲಿಲ್ಲ. ಹಾಗಾಗಿ ಪಳಮೆ ಅಂದರೆ ಹಳಮೆ, ಹಿಂದಿನಿಂದ ಬಂದದ್ದು. ಪಾಟ್ ಅಂದರೆ ಹಾಡು. ನಾವು ಹುತ್ತರಿ ಅನ್ನುವುದು ಅಲ್ಲಿ ಪುತ್ತರಿ. ಪುದಿಯ ಅರಿ, ಅಂದರೆ ಹೊಸ ಅಕ್ಕಿ. ಪಟ್ಟೋಲೆ ಅಂದರೆ ಪಟ್ಟೆಯ ಓಲೆ, ರೇಷ್ಮೆಯಂಥ ಓಲೆಗರಿ. ಬಾಯಲ್ಲೇ ಬದುಕಿದ್ದ ಹಾಡುಗಳನ್ನು ಕಾಗದಕ್ಕೆ ಇಳಿಸುವಾಗ ಆ ಮನುಷ್ಯ ಪುಸ್ತಕಕ್ಕೆ ಓಲೆಗರಿಯ ಹೆಸರಿಟ್ಟರು ನೋಡಿ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದಲೇ.

ನಾನು ಕೊಡವ ಮನೆಯ ಕೂಸಲ್ಲ. ಅಪ್ಪನಿಗೆ ಅಂಚೆ ಇಲಾಖೆಯಲ್ಲಿ ಕೆಲಸ. ವರ್ಗವಾಗಿ ನಾಪೋಕ್ಲು ಕಡೆ ಹೋದಾಗ ನಾನು ಬಯಲುಸೀಮೆಯ ಕನ್ನಡ ಕಟ್ಟಿಕೊಂಡು ಬೆಟ್ಟ ಹತ್ತಿದೆ. ಶಾಲೆಯಲ್ಲಿ ಪಾಠ ಕನ್ನಡದಲ್ಲಿ, ಆಟ ಕೊಡವ ತಕ್ಕ್‌ನಲ್ಲಿ. ಆಟದಲ್ಲಿ ಗೆಲ್ಲಬೇಕಾದರೆ ಭಾಷೆ ಕಲಿಯಲೇಬೇಕಿತ್ತು. ಒಂದು ವರ್ಷದಲ್ಲಿ ಪೂರ್ತಿ ಅರ್ಥ ಆಗುತ್ತಿತ್ತು. ಮಾತಾಡಿದರೆ ಮಾತ್ರ ಎಲ್ಲರೂ ನಗುತ್ತಿದ್ದರು.

ಯಾಕೆ ನಗುತ್ತಾರೆ ಅಂತ ತಿಳಿದದ್ದು ಎಂಟನೇ ಕ್ಲಾಸಿನಲ್ಲಿ. ಸಹಪಾಠಿಯ ಮನೆಗೆ ಹೋಗಿದ್ದೆ. ಅವನ ಅಜ್ಜ ಕೈಯಾಲೆಯಲ್ಲಿ, ಅಂದರೆ ಮನೆಯ ಮುಂದಿನ ಎತ್ತರದ ಜಗಲಿಯಲ್ಲಿ, ಐಮರದ ದಪ್ಪ ಹಲಗೆಯ ಮೇಲೆ ಕೂತಿದ್ದರು. ಕನ್ನಡಕ ಒಡೆದಿತ್ತು. “ನೀನು ಓದೋದ್ರಲ್ಲಿ ಜೋರಂತೆ, ಇದನ್ನ ಓದು ನೋಡುವಾ” ಅಂತ ಈ ಪುಸ್ತಕ ಕೈಗಿಟ್ಟರು. ಕನ್ನಡ ಲಿಪಿ ತಾನೆ, ನನಗೇನು ಹೆದರಿಕೆ? ಕ್ಲಾಸಿನಲ್ಲಿ ಓದುವ ಹಾಗೆ ಎದೆ ಸೆಟೆದು ಶುರು ಮಾಡಿದೆ. ಪಾಟ್ ಅನ್ನುವ ಮಾತು ಬಂತು. ಇಂಗ್ಲಿಷಿನ ಪಾಟ್ ಅನ್ನುವ ಹಾಗೆ ಟಕ್ ಅಂತ ನಿಲ್ಲಿಸಿದೆ. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಜ್ಜ ನಗಲಿಲ್ಲ.

“ಕುಂಞಿ, ಹಾಗೆ ಬಾಗಿಲು ಹಾಕ್ಬೇಡ. ಸ್ವಲ್ಪ ತೆರೆದಿಡು.”

ಮತ್ತೆ ಹೇಳಿದೆ. ಈ ಸಲ ಪಾಟು ಅಂದೆ. “ಅಷ್ಟು ಬೇಡ, ಗಾಳಿ ಬರ್ತದೆ” ಅಂದರು.

ಕೊಡವ ತಕ್ಕ್‌ನಲ್ಲಿ ಕನ್ನಡಕ್ಕಿಲ್ಲದ ಸ್ವರಗಳಿವೆ. ನಾಲಿಗೆ ಬಾಯಿಯ ನಡುವೆ ನಿಲ್ಲುತ್ತದೆ, ತುಟಿ ಉರುಟಾಗುವುದಿಲ್ಲ. ತುಳುವರಿಗೂ ಮಲಯಾಳಿಗಳಿಗೂ ಪದದ ಕೊನೆಯ ಈ ಅರೆ ಉಕಾರ ಚೆನ್ನಾಗಿ ಗೊತ್ತು. ಕನ್ನಡದ ಅಕ್ಷರಮಾಲೆಯಲ್ಲಿ ಅದಕ್ಕೆ ಜಾಗ ಇಲ್ಲ. ಬರೆಯುವವರು ಟಕಾರಕ್ಕೆ ಒಂದು ಕೊಕ್ಕೆ ಹಾಕಿ ಬಿಡುತ್ತಾರೆ, ಗೊತ್ತಿದ್ದವರು ಕೊಕ್ಕೆಯ ಆಚೆಗಿನ ಉಸಿರನ್ನು ತಾವೇ ಸೇರಿಸಿಕೊಳ್ಳುತ್ತಾರೆ. ಅವತ್ತು ಸಂಜೆ ಪೂರ್ತಿ ನಾನು ಒಂದೇ ಪದ ಹೇಳುತ್ತ ಕೂತಿದ್ದೆ. ಇವತ್ತಿಗೂ ಆ ಬಾಗಿಲು ಎಷ್ಟು ತೆರೆಯಬೇಕೋ ಅಷ್ಟೇ ತೆರೆಯುವುದು ಹತ್ತರಲ್ಲಿ ಆರು ಸಲ.

ಚಿಣ್ಣಪ್ಪನವರಿಗೆ ಈ ತೊಂದರೆ ಗೊತ್ತಿರಲಿಲ್ಲವೆ? ಖಂಡಿತ ಗೊತ್ತಿತ್ತು. ಅವರು ಹಾಡುವ ಬಾಯಿಯ ಎದುರು ಕೂತು ಬರೆದವರು. ಕೊಡವಕ್ಕೇ ಬೇರೆ ಲಿಪಿ ಮಾಡುವ ಪ್ರಯತ್ನ ಅವರಿಗಿಂತ ಮೊದಲೇ ನಡೆದಿತ್ತು, ಆಮೇಲೂ ನಡೆದಿದೆ. ಆದರೆ ಕೊಡಗಿನಲ್ಲಿ ಓದು ಬಲ್ಲವರು ಓದುತ್ತಿದ್ದದ್ದು ಕನ್ನಡ. ಅವರು ಕೊಕ್ಕೆಯನ್ನೇ ಒಪ್ಪಿಕೊಂಡರು. ಪುಸ್ತಕ ಬದುಕಿದ್ದು ಅದರಿಂದಲೇ ಅನ್ನುವುದು ನನ್ನ ಅನಿಸಿಕೆ. ಸರಿಯಾದ ಲಿಪಿಗೆ ಕಾಯುತ್ತ ಕೂತಿದ್ದರೆ ಹಾಡಿದ ಮುದುಕರು ಒಬ್ಬೊಬ್ಬರೇ ಹೋಗಿಬಿಡುತ್ತಿದ್ದರು.

ಚಿಣ್ಣಪ್ಪ ಹುಟ್ಟಿದ್ದು 1875ರಲ್ಲಿ, ತೀರಿಕೊಂಡದ್ದು 1931ರಲ್ಲಿ. ಬದುಕಿದ್ದು ಬರೀ 56 ವರ್ಷ. ಹೊಟ್ಟೆಪಾಡಿಗೆ ಬೇರೆ ಬೇರೆ ನೌಕರಿ ಮಾಡಿದವರು, ಪೊಲೀಸ್ ಇಲಾಖೆಯಲ್ಲೂ ಇದ್ದವರು. ಪೊಲೀಸ್ ಬಂದರೆ ಹಳ್ಳಿಯಲ್ಲಿ ಬಾಗಿಲು ಹಾಕಿಕೊಳ್ಳುವ ಕಾಲ ಅದು. ಈ ಪೊಲೀಸ್ ಬಂದು “ನಿಮ್ಮಜ್ಜ ಹಾಡ್ತಿದ್ದದ್ದು ಒಂದಿತ್ತಲ್ಲ, ಹೇಳಿ” ಅಂತ ಕೂತರೆ ಮನೆಯವರ ಮುಖ ಹೇಗಾಗಿರಬಹುದು ಅಂತ ಊಹಿಸಿಕೊಂಡು ಟೆರೇಸಿನ ಮೇಲೆ ಒಬ್ಬನೇ ನಕ್ಕೆ.

ಕೊಡಗಿನ ಬಗ್ಗೆ ಬರೆದವರು ಮೊದಲೂ ಇದ್ದರು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1855ರಲ್ಲಿ ಬರೆದರು, ರಿಕ್ಟರ್ 1870ರಲ್ಲಿ ಬರೆದರು. ಅವೆಲ್ಲ ಹೊರಗಿನಿಂದ ಬಂದವರು ಹೊರಗಿನವರಿಗೆ ಹೇಳಿದ್ದು. ಚಿಣ್ಣಪ್ಪ ಬರೆದದ್ದು ಮನೆಯವರಿಗೆ, ಮನೆಯ ಮಾತಿನಲ್ಲಿ. ಮದುವೆಯ ಶಾಸ್ತ್ರ ಹೇಳುವಾಗ ಯಾರು ಎಲ್ಲಿ ನಿಲ್ಲಬೇಕು, ಯಾವ ಮಾತು ಆಡಬೇಕು ಅನ್ನುವುದನ್ನು ಮರೆತವನಿಗೆ ನೆನಪಿಸುವ ದನಿಯಲ್ಲಿ ಹೇಳುತ್ತಾರೆ. ಗೊತ್ತಿಲ್ಲದವನಿಗೆ ವಿವರಿಸುವ ದನಿ ಅದಲ್ಲ.

ಅದೇ ಕಾಲದಲ್ಲಿ ಅದೇ ಬೆಟ್ಟಗಳಲ್ಲಿ ಇನ್ನೊಬ್ಬ ದೊಡ್ಡ ಕವಿ ಇದ್ದರು. ಅಪ್ಪನೆರವಂಡ ಹರದಾಸ ಅಪ್ಪಚ್ಚ ಕವಿ, 1868ರಿಂದ 1944. ಕೊಡವದಲ್ಲಿ ನಾಟಕ ಬರೆದ ಮೊದಲಿಗರು. ಯಯಾತಿಯ ಕತೆಯನ್ನು 1906ರಲ್ಲೇ ನಾಟಕ ಮಾಡಿದರು, ಆಮೇಲೆ ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ. ಅಪ್ಪಚ್ಚ ಕವಿ ಅಂದರೆ ಕೊಡಗಿನಲ್ಲಿ ಇವತ್ತಿಗೂ ತಲೆ ಬಾಗುತ್ತದೆ. ಕವಿ ಅನ್ನುವುದು ಅವರ ಹೆಸರಿಗೇ ಅಂಟಿಕೊಂಡಿದೆ. ಚಿಣ್ಣಪ್ಪನವರ ಹೆಸರಿಗೆ ಹಾಗೆ ಅಂಟಲಿಲ್ಲ. ಸಂಗ್ರಹಕಾರರು ಅಂತಾರೆ. ಆ ಪದ ಕೇಳಿದರೆ ನನಗೆ ಸ್ಟಾಂಪು ಕೂಡಿಡುವವರ ನೆನಪಾಗುತ್ತದೆ.

ಹಾಡುವ ಕ್ರಮ ನೋಡಿದವರು ಆ ಪದವನ್ನು ಅಷ್ಟು ಸಲೀಸಾಗಿ ಹೇಳಲಾರರು. ಈ ಹಾಡಿಗೆ ಬಾಳೋ ಪಾಟ್ ಅಂತಾರೆ, ಹಾಡುವುದು ನಾಲ್ಕು ಗಂಡಸರು. ಎಡಗೈಯಲ್ಲಿ ದುಡಿ, ನಡು ಸಣ್ಣಗಿರುವ ಪುಟ್ಟ ವಾದ್ಯ. ಬಲಗೈಯಲ್ಲಿ ಸಣ್ಣ ಕೋಲು. ಇಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನಿಬ್ಬರು ಅದನ್ನೇ ತಿರುಗಿ ಹಾಡುತ್ತಾರೆ. ಮೊದಮೊದಲು ನನಗೆ ಇದು ಬೇಸರ ತರಿಸುತ್ತಿತ್ತು. ಹೇಳಿದ್ದನ್ನೇ ಎಷ್ಟು ಸಲ ಹೇಳ್ತಾರಪ್ಪ ಅಂತ. ಹತ್ತಿರ ಕೂತು ನೋಡಿದ ಮೇಲೆ ಗುಟ್ಟು ತಿಳಿಯಿತು. ಹಿಂದಿನ ಜೋಡಿ ಸಾಲನ್ನು ತಿರುಗಿ ಹೇಳುವಷ್ಟು ಹೊತ್ತು ಮುಂದಿನ ಜೋಡಿಗೆ ಬಿಡುವು. ಆ ಬಿಡುವಿನಲ್ಲಿ ಅವರ ಕಣ್ಣು ಎಲ್ಲೋ ಇರುತ್ತದೆ, ಮುಂದಿನ ಸಾಲನ್ನು ಹುಡುಕುತ್ತಿರುತ್ತದೆ. ಸಿಕ್ಕದಿದ್ದರೆ ಎಲ್ಲ ಹಾಡಿಗೂ ಹೊಂದುವ ಸಿದ್ಧ ಸಾಲುಗಳಿವೆ. ನಾಡನ್ನು ಹೊಗಳುವ ಸಾಲು, ಮನೆಯನ್ನು ಹೊಗಳುವ ಸಾಲು, ಸೂರ್ಯ ಚಂದ್ರರ ಸಾಲು. ಒಂದನ್ನು ಮುಂದಿಟ್ಟು ಹೊತ್ತು ಕಳೆಯುತ್ತಾರೆ, ಅಷ್ಟರಲ್ಲಿ ಕತೆ ನೆನಪಾಗುತ್ತದೆ.

ಎಮನೋ ಅನ್ನುವ ಭಾಷಾವಿದ್ವಾಂಸರು, ಕೆನಡಾದವರು, 1935ರಿಂದ 38ರವರೆಗೆ ಈ ಕಡೆ ಬಂದು ತೋಡ, ಕೋತ, ಕೊಡವ ಭಾಷೆಗಳನ್ನು ಕಿವಿಯಿಂದಲೇ ಬರೆದುಕೊಂಡು ಹೋದರು. ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ಮಾಡಿದವರಲ್ಲಿ ಒಬ್ಬರು ಅವರೇ. ಕೊಡವರ, ತೋಡರ ಬಾಯಿಪಾಠದ ಕಾವ್ಯದ ಬಗ್ಗೆ ಬರೆಯುವಾಗ ಅವರು ಹಿಡಿದದ್ದೂ ಈ ಸಿದ್ಧ ಸಾಲುಗಳನ್ನೇ. ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ತಂದ ಪುಸ್ತಕಕ್ಕೂ ಪಟ್ಟೋಲೆ ಪಳಮೆ ಬೇಕಾಯಿತು. ಸಂಸ್ಕೃತೀಕರಣ ಅನ್ನುವ ಮಾತನ್ನು ಎಲ್ಲ ಕಾಲೇಜಿನ ಹುಡುಗರೂ ಪರೀಕ್ಷೆಗೆ ಉರು ಹೊಡೆಯುತ್ತಾರಲ್ಲ, ಅದು ಹೆಸರಾದದ್ದು ಆ ಪುಸ್ತಕದಿಂದ.

ಹಾಡುಗಳ ಒಳಗೇನಿದೆ ಅಂದರೆ, ಒಂದು ನಾಡೇ ಇದೆ. ಏಳು ಜನ ದೇವರು, ಆರು ಅಣ್ಣತಮ್ಮಂದಿರು ಒಬ್ಬಳು ತಂಗಿ, ಶಂಖದಲ್ಲಿ ಕೂತು ಕಡಲು ದಾಟಿ ಬರುತ್ತಾರೆ. ಕೆಲವರು ಮಲಯಾಳದ ಕಡೆಯೇ ಉಳಿಯುತ್ತಾರೆ. ಇಗ್ಗುತಪ್ಪ ಬೆಟ್ಟ ಹತ್ತಿ ಕಕ್ಕಬ್ಬೆಯ ಪಾಡಿಯಲ್ಲಿ ನಿಲ್ಲುತ್ತಾನೆ, ಮಳೆಬೆಳೆ ನೋಡಿಕೊಳ್ಳುತ್ತಾನೆ. ಕಾವೇರಿಯದು ಇನ್ನೊಂದು. ಬಲಮುರಿಯಲ್ಲಿ ನದಿಯಾಗಿ ಹರಿದು ಬಂದ ಅವಳ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತಂತೆ. ಅದಕ್ಕೇ ಕೊಡವ ಹೆಂಗಸರ ನೆರಿಗೆ ಇವತ್ತಿಗೂ ಬೆನ್ನ ಕಡೆ. ಮದುವೆಗೆ ಬೇರೆ ಹಾಡು. ಸಾವಿಗೆ ಚಾವ್ ಪಾಟ್. ಸತ್ತವರ ಬದುಕನ್ನು ಅವರ ಎದುರೇ ಹಾಡಿ ಹೇಳುವ ಆ ಹಾಡನ್ನು ನಾನು ಒಂದೇ ಸಲ ಕೇಳಿದ್ದು, ಬಾಗಿಲು ತೆರೆದಿಡು ಅಂದ ಆ ಅಜ್ಜ ಹೋದಾಗ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲಾರೆ.

ಒಂದು ಅಡ್ಡಮಾತು. ಹಲವು ವರ್ಷದ ಹಿಂದೆ ಒಬ್ಬ ಹಿರಿಯ ಕವಿಯ ನೆನಪಿಗೆ ಅಂತ ಒಂದು ಕವನ ಸಂಕಲನ ಬಂತು. ನನ್ನಿಂದಲೂ ಒಂದು ಕವಿತೆ ಕೇಳಿದ್ದರು. ಪುಸ್ತಕ ಕೈಗೆ ಬಂದಾಗ ಮೊದಲ 22 ಪುಟ ಸಂದೇಶಗಳು, ಶಾಲು ಹೊದಿಸುವ ಫೋಟೊಗಳು. ನನ್ನ ಕವಿತೆಯ ಕೊನೆಯ ಎರಡು ಸಾಲು ಮುಂದಿನವರ ಕವಿತೆಯ ತಲೆಗೆ ಹೋಗಿ ಕೂತಿದ್ದವು. ಅವರು ಫೋನ್ ಮಾಡಿ “ಆ ಸಾಲು ತುಂಬಾ ಚೆನ್ನಾಗಿದೆ ಅಂತ ಎಲ್ಲರೂ ಹೊಗಳ್ತಿದ್ದಾರೆ, ಏನು ಮಾಡ್ಲಿ?” ಅಂದರು. ಇಟ್ಟುಕೊಳ್ಳಿ ಅಂದೆ. ಆ ಪುಸ್ತಕದಲ್ಲಿ ಇಲ್ಲದೆ ಹೋದದ್ದು ಆ ಹಿರಿಯರ ಕವಿತೆ ಮಾತ್ರ. ಒಂದೂ ಇರಲಿಲ್ಲ.

ಅದಕ್ಕೇ ಚಿಣ್ಣಪ್ಪನವರ ನೆನಪಿಗೆ ನಡೆದ ಕೆಲಸ ನನಗೆ ಬೇರೆಯಾಗಿ ಕಾಣುತ್ತದೆ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ಗಂಡ ಹೆಂಡತಿ, ಇಬ್ಬರೂ ಪಟ್ಟೋಲೆ ಪಳಮೆಯ ಚಿಣ್ಣಪ್ಪನವರ ಮೊಮ್ಮಕ್ಕಳು. ನಂಜಮ್ಮನವರು ಸಂಖ್ಯಾಶಾಸ್ತ್ರದವರು, ಕೆನಡಾದ ಸರ್ಕಾರಿ ಅಂಕಿಅಂಶ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ನಿವೃತ್ತರಾದ ಮೇಲೆ ಜನ ತೋಟ ನೋಡಿಕೊಳ್ಳುತ್ತಾರೆ. ಇವರು ಅಜ್ಜನ ಪುಸ್ತಕ ಹಿಡಿದುಕೊಂಡು ಕೂತರು. ಪೂರ್ತಿ ಇಂಗ್ಲಿಷಿಗೆ ತಂದರು, 2003ರಲ್ಲಿ ಅಚ್ಚಾಯಿತು. ಆಮೇಲೂ ಸುಮ್ಮನಿರಲಿಲ್ಲ. ಕೊಡಗಿನ ಐನ್‌ಮನೆಗಳನ್ನು, ಅಂದರೆ ಒಂದೊಂದು ಒಕ್ಕದ, ಮನೆತನದ, ಮೂಲಮನೆಗಳನ್ನು, ಊರೂರು ಸುತ್ತಿ ನೋಡಿ ಬರೆದಿಟ್ಟರು. ಅಜ್ಜ ಹಾಡು ಕೇಳುತ್ತ ಹೋದ ದಾರಿಯಲ್ಲೇ ಮೊಮ್ಮಕ್ಕಳು ಮನೆ ಎಣಿಸುತ್ತ ಹೋದರು. ಶಾಲಿನ ಫೋಟೊ ಇಲ್ಲ.

ಇಂಗ್ಲಿಷ್ ಅನುವಾದ ಯಾಕೆ, ಕನ್ನಡಕ್ಕೆ ಬರಬೇಕಿತ್ತಲ್ವಾ ಅಂತ ನಾನೂ ಒಮ್ಮೆ ಗೊಣಗಿದ್ದೆ. ಸ್ನೇಹಿತ ಒಂದೇ ಮಾತಲ್ಲಿ ಬಾಯಿ ಮುಚ್ಚಿಸಿದ. “ನನ್ನ ಮಗಳು ಓದೋದು ಇಂಗ್ಲಿಷಲ್ಲಿ ಮಾತ್ರ ಮಾರಾಯ.” ಅವನ ಮಗಳು ಹುಟ್ಟಿದ್ದು ಪುಣೆಯಲ್ಲಿ, ಓದುತ್ತಿರುವುದು ಬೆಂಗಳೂರಿನಲ್ಲಿ. 2001ರ ಜನಗಣತಿಯಲ್ಲಿ ಕೊಡವವನ್ನು ತಾಯ್ನುಡಿ ಅಂದವರು ಸುಮಾರು 1.66 ಲಕ್ಷ. 2011ರಲ್ಲಿ ಸುಮಾರು 1.14 ಲಕ್ಷ. ಹತ್ತೇ ವರ್ಷದಲ್ಲಿ ಅರ್ಧ ಲಕ್ಷ ಬಾಯಿ ಎಲ್ಲಿ ಹೋದವು? ಸತ್ತದ್ದಲ್ಲ ಎಲ್ಲವೂ. ಕೆಲವು ಕನ್ನಡಕ್ಕೆ ಹೋದವು, ಕೆಲವು ಇಂಗ್ಲಿಷಿಗೆ. ಯುನೆಸ್ಕೊ ಪಟ್ಟಿಯಲ್ಲಿ ಕೊಡವ ಅಳಿವಿನ ಭಯದಲ್ಲಿರುವ ಭಾಷೆ. ಅದನ್ನು ಆಡುವವರು ಕೊಡವರಷ್ಟೇ ಅಲ್ಲ; ಹೆಗ್ಗಡೆಯವರು, ಐರಿಗಳು, ಅಮ್ಮಕೊಡವರು, ಹೀಗೆ ಎಷ್ಟೋ ಜನ ಇದ್ದಾರೆ. ನಾನೂ ಇದ್ದೇನೆ, ಹತ್ತರಲ್ಲಿ ಆರು ಸಲ.

ಚಿಣ್ಣಪ್ಪನವರು ಸ್ವಂತ ಹಾಡೂ ಬರೆದರು. ಭಗವದ್ಗೀತೆಯನ್ನು ಕೊಡವಕ್ಕೆ ತಂದು ‘ಭಗವಂತಂಡ ಪಾಟ್’ ಅಂತ ಕರೆದರು, 1929ರಲ್ಲಿ. ಇನ್ನೊಂದು ‘ಶ್ರೀ ಮೂಲ ಕನ್ನಿಯೇ’. ಕಾವೇರಿಯ ಮೇಲಿನ ಹಾಡು. ಅದನ್ನು ನಾನು ಶಾಲೆಯಲ್ಲಿ ಹಾಡಿದ್ದೇನೆ, ಮದುವೆಮನೆಯ ಮೈಕಿನಲ್ಲಿ ಕೇಳಿದ್ದೇನೆ, ತಲಕಾವೇರಿಯ ಮೆಟ್ಟಿಲ ಮೇಲೆ ತೀರ್ಥಕ್ಕೆ ಕಾಯುತ್ತ ನಿಂತ ಹೆಂಗಸರ ಗುಂಪಿನಲ್ಲಿ ಕೇಳಿದ್ದೇನೆ. ಅವತ್ತು ಪಕ್ಕದಲ್ಲಿದ್ದ ಒಬ್ಬ ಅಕ್ಕನನ್ನು ಕೇಳಿದೆ, ಈ ಹಾಡು ಯಾರದು ಅಂತ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಯಾರದು ಅಂದ್ರೆ? ನಮ್ಮದೇ. ಮೊದಲಿಂದ ಇದೆ.” ನಾನು ಹೆಸರು ಹೇಳಲು ಬಾಯಿ ತೆಗೆದೆ, ಅಷ್ಟರಲ್ಲಿ ಜನ ಮುಂದೆ ಸರಿಯಿತು. ಸಾವಿರಾರು ಹಾಡುಗಾರರ ಹೆಸರಿಲ್ಲದ ಹಾಡನ್ನು ಬರೆದಿಟ್ಟವರ ಸ್ವಂತ ಹಾಡೂ ಹೆಸರು ಕಳಚಿಕೊಂಡು ಆ ಗುಂಪಿಗೇ ಸೇರಿಕೊಂಡಿತ್ತು.

2024ಕ್ಕೆ ಪುಸ್ತಕಕ್ಕೆ ನೂರು ತುಂಬಿತು. ಆ ವರ್ಷದ ಪುತ್ತರಿಗೆ ಸ್ನೇಹಿತ ಕರೆದ. ಅವರ ಐನ್‌ಮನೆಯ ಒಕ್ಕದವರು ಸೇರಿದ್ದರು. ಅಜ್ಜ ಕೂರುತ್ತಿದ್ದ ಐಮರ ಈಗ ಉಜ್ಜಿ ಉಜ್ಜಿ ಕನ್ನಡಿಯಾಗಿದೆ. ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಮನೆಯ ನಡುವಿನ ದೊಡ್ಡ ಕೋಣೆಯಲ್ಲಿ, ತೂಗುದೀಪ ಹಚ್ಚಿದ್ದರು. ಹುಣ್ಣಿಮೆ. ಹೊತ್ತು ನೋಡಿ ಗದ್ದೆಗೆ ಇಳಿದರು, ಕದಿರು ಕೊಯ್ದರು, ಗುಂಡು ಹಾರಿತು, “ಪೊಲಿ ಪೊಲಿ ದೇವಾ” ಅನ್ನುವ ಕೂಗು ಆಚೆ ಗುಡ್ಡದ ಮನೆಗಳಿಂದಲೂ ತಿರುಗಿ ಬಂತು. ಮನೆಗೆ ಬಂದು ತಂಬುಟ್ಟು, ಪುತ್ತರಿ ಗೆಣಸು. ತಂಬುಟ್ಟಿಗೆ ತುಪ್ಪ ಬಿಡುವಾಗ ಬೇಡ ಅನ್ನಬಾರದು. ಅಂದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಆಮೇಲೆ ದುಡಿ ಬಂತು. ನಾಲ್ಕು ಜನ ಕೂತರು. ಮುಂದಿನ ಜೋಡಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು, ಅವರ ಪಕ್ಕ ಇಪ್ಪತ್ತೈದರ ಹುಡುಗ. ಹುಡುಗ ಇತ್ತೀಚೆಗೆ ಕಲಿಯುತ್ತಿದ್ದಾನಂತೆ, ಕಂಠಪಾಠ ಪೂರ್ತಿ ಆಗಿಲ್ಲ. ಪುಸ್ತಕದ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಬಂದಿದ್ದ. ಎರಡೂ ಕೈಯಲ್ಲಿ ದುಡಿ ಮತ್ತು ಕೋಲು, ಮೊಬೈಲ್ ಹಿಡಿಯುವುದು ಹೇಗೆ? ಅಕ್ಕನ ಮಗಳನ್ನು ಎದುರು ಕೂರಿಸಿ ಅವಳ ಕೈಗೆ ಕೊಟ್ಟಿದ್ದ. ಆರೇಳು ವರ್ಷದ ಹುಡುಗಿ. ಎರಡೂ ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದು ದೀಪದ ಹುಡುಗಿಯ ಹಾಗೆ ಕೂತಿದ್ದಳು.

ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಮೊಬೈಲ್ ಕಪ್ಪಾಯಿತು. ಹುಡುಗ ಕಣ್ಣಲ್ಲೇ ಸನ್ನೆ ಮಾಡಿದ. ಅವಳಿಗೆ ತಿಳಿಯಲಿಲ್ಲ, ಅವಳು ಹಿಂದಿನ ಜೋಡಿಯ ದುಡಿ ನೋಡುತ್ತಿದ್ದಳು. ಹಿಂದಿನವರು ಸಾಲನ್ನು ತಿರುಗಿ ಹಾಡಿ ಮುಗಿಸುವುದರಲ್ಲಿದ್ದರು. ಹುಡುಗನ ಹಣೆಯಲ್ಲಿ ಬೆವರು. ಪಕ್ಕದ ಹಿರಿಯರು ಅವನ ಕಡೆ ತಿರುಗಿಯೂ ನೋಡಲಿಲ್ಲ. ನಾಡನ್ನು ಹೊಗಳುವ ಒಂದು ಸಾಲು ತೆಗೆದು ಮುಂದಿಟ್ಟರು. ಹಿಂದಿನ ಜೋಡಿ ಅದನ್ನು ಎತ್ತಿಕೊಂಡಿತು. ಇನ್ನೊಂದು ಇಟ್ಟರು. ಅದನ್ನೂ ಎತ್ತಿಕೊಂಡಿತು. ಹುಡುಗ ಅವರ ಬಾಯಿ ನೋಡಿಕೊಂಡು ಅರ್ಧ ಕ್ಷಣ ತಡವಾಗಿ ದನಿ ಸೇರಿಸಿದ.

ಅಷ್ಟು ಹೊತ್ತಿಗೆ ಹುಡುಗಿಗೆ ಎಚ್ಚರವಾಗಿ ಬೆರಳಿನಿಂದ ಮೊಬೈಲ್ ಒತ್ತಿದಳು. ಪುಟ ಬೆಳಗಿತು. ಹುಡುಗ ಓದಿಕೊಂಡ, ಸಾಲು ಸಿಕ್ಕಿತು, ಆದರೆ ಹಾಡು ಆಗಲೇ ಬೇರೆ ಕಡೆ ಹೋಗಿತ್ತು. ಅವಳು ಮೊಬೈಲನ್ನು ಇನ್ನೂ ಸ್ವಲ್ಪ ಮೇಲೆ ಎತ್ತಿ ಹಿಡಿದಳು. ಅವಳ ತುಟಿ ಹಿಂದಿನ ಜೋಡಿಯ ಜೊತೆ ಆಡುತ್ತಿತ್ತು.